ಮೇಲಿಂದ ಓದು

ಗಲ್ಫಿನ ಅಲ್ ರೀಮ್ ಐಲ್ಯಾಂಡಿನ ನಮ್ಮ ಆಫೀಸಿನಲ್ಲಿ ಅವರು ಸೀನಿಯರ್ ಪ್ರೋಗ್ರಾಮರ್, ಉಡುಪಿ ಕಡೆಯವರು. ಏನು ಕೇಳಿದರೂ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, "ಮೇಲಿಂದ ಓದು" ಎನ್ನುತ್ತಿದ್ದರು.

ನನ್ನ ಪ್ರೊಬೇಷನ್ ಮುಗಿಯಲು ಒಂದು ವಾರವಿತ್ತು. ಖಲೀಫಾ ಸಿಟಿಯ ಶಾಲೆಯೊಂದಕ್ಕೆ ಪಿಎಚ್‌ಪಿ ಎಂಬ ಕೋಡಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದೆವು. ಯಾವ ವಿಳಾಸಕ್ಕೆ ಯಾವ ಪುಟ ತೆರೆಯಬೇಕೆಂದು ಹೇಳುವ ರೂಟ್‌ಗಳ ಪಟ್ಟಿಗೆ ಅಡ್ಮಿಷನ್ ಪುಟವನ್ನು ಸೇರಿಸಿದವಳು ನಾನು. ಹಿಂದಿನ ಸಂಜೆ ಚೆನ್ನಾಗಿಯೇ ತೆರೆದಿದ್ದ ಆ ಪುಟದ ಬದಲು ಬೆಳಿಗ್ಗೆ ಮುಖಪುಟವೇ ಬರತೊಡಗಿತು. ನನ್ನ ಸಾಲಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮಧ್ಯಾಹ್ನ ಶಾಲೆಯವರು ನೋಡಲು ಬರುವವರಿದ್ದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಸೀನಿಯರನ್ನು ಕರೆದೆ.

ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ನನ್ನ ಸಾಲಿಗಿಂತ ಒಂದು ಸಾಲು ಮೇಲೆ ತಡೆದರು.

"ಇಲ್ಲಿ ಏನುಂಟು?"

"ಯಾವ ವಿಳಾಸ ಬಂದರೂ ಮುಖಪುಟ ತೋರಿಸು ಅಂತ ಉಂಟು ಸರ್."

"ಮತ್ತೆ ಅದರ ಕೆಳಗಿನ ನಿನ್ನ ಸಾಲನ್ನು ಯಾರು ನೋಡ್ತಾರೆ ಮಾರಾಯ್ತಿ? ಮೊದಲು ಹೊಂದುವ ಸಾಲು ಸಿಕ್ಕಿದರೆ ಕಂಪ್ಯೂಟರಿಗೆ ಅಲ್ಲಿಗೇ ಖಲಾಸ್."

ಆ ಸಾಲನ್ನು ಕೊನೆಗೆ ಇಳಿಸಿದೆ. ಅಡ್ಮಿಷನ್ ಪುಟ ತೆರೆಯಿತು. ಮ್ಯಾನೇಜರ್ ಮುಂದೆ ಅವರು, "ತಪ್ಪು ಹಿಡಿದದ್ದು ಇವಳೇ" ಎಂದರು. ನನ್ನ ಕೆಲಸ ಉಳಿಯಿತು.

ವಾರ ಕಳೆದ ಮೇಲೆ ಯಾರು ಯಾವಾಗ ಏನು ಬದಲಿಸಿದರೆಂದು ತೋರಿಸುವ ಕೋಡಿನ ಹಿಸ್ಟರಿ ತೆಗೆದು ನೋಡಿದೆ. ಪುಟ ಕೈಕೊಟ್ಟ ದಿನದ ಹಿಂದಿನ ಸಂಜೆ ನಾನು ಮನೆಗೆ ಹೊರಟ ನಂತರ ಆ ಸಾಲನ್ನು ಅಲ್ಲಿ ಹಾಕಿದವರು ಅವರೇ. ಕಲಿಸಲೆಂದು ಹಾಕಿದ್ದೋ, ಕೈತಪ್ಪಿ ಹಾಕಿದ್ದೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

"ಸರ್, ಇದು ನೀವು ಹಾಕಿದ್ದಾ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಮೇಲಿಂದ ಓದು ಎಂದು ಮಾತ್ರ ಹೇಳಲಿಲ್ಲ.