ಡೆಲ್ಫಿಯಾ ಅಪರೂಪದ ವಿಸ್ಕಿ ಮಾರುವುದು ಬಿಟ್ಟಿದ್ದು

ನಮ್ಮ ಕೆಂಟಕಿಯಲ್ಲಿ ವಿಸ್ಕಿ ಮಾರುವವರಿಗೆ ಬರವಿಲ್ಲ. ಆದರೆ ಕೊಳ್ಳಲು ಬಂದವರನ್ನು ಕಂಡರೇ ಹೇಸುವ ಅಂಗಡಿಯವಳೆಂದರೆ ಡೆಲ್ಫಿಯಾ ಒಬ್ಬಳೇ. ಅವಳ ಅಂಗಡಿಗೆ ಒತ್ತಿಕೊಂಡೇ ನನ್ನ ಕ್ಷೌರದಂಗಡಿ. ಗಂಡ ಸತ್ತ ಮೇಲೆ ಗಲ್ಲಾ ಹಿಡಿದವಳು. ತಂಬಾಕು ಹೊಲದವರು, ಲಾರಿಯವರು ಸಾದಾ ಬರ್ಬನ್ ವಿಸ್ಕಿ ಒಯ್ದು ಅವತ್ತೇ ಕುಡಿದು ಮುಗಿಸುತ್ತಿದ್ದರು. ಅವರ ಮೇಲೆ ಅವಳಿಗೆ ಅಕ್ಕರೆ.

ಹೇಸಿಗೆ ಶುರುವಾಗುತ್ತಿದ್ದುದು ನವೆಂಬರಿನಲ್ಲಿ. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ, ರೈ ಎಂಬ ಧಾನ್ಯದ ವಿಸ್ಕಿ ಬೆರಳೆಣಿಕೆಯಷ್ಟು ಬಾಟಲಿ ಬರುತ್ತಿತ್ತು. ವರ್ಷವಿಡೀ ಮುಖ ತೋರಿಸದವರು ಆಗ ‘ಅಕ್ಕಾ, ಅಕ್ಕಾ’ ಎಂದು ಹಲ್ಲುಗಿಂಜುತ್ತ ಬರುತ್ತಿದ್ದರು. ಒಬ್ಬನಂತೂ ಅವಳ ಗಂಡನ ಗೋರಿಗೆ ಹೂವಿಟ್ಟು, ಅದರ ಫೋಟೊ ತಂದು ತೋರಿಸಿದ. ಇವರಾರೂ ಕುಡಿಯುವವರಲ್ಲ. ಕಪಾಟಿನಲ್ಲಿಟ್ಟು ಮೆರೆಯುವವರು, ಇಲ್ಲವೇ ಮರುದಿನವೇ ದುಪ್ಪಟ್ಟಿಗೆ ಮಾರುವವರು.

ತಲೆಗೊಂದೇ ಬಾಟಲಿ ಎಂದು ಅವಳು ಕಟ್ಟುಮಾಡಿದಳು. ಆ ವರ್ಷ ಹಳೇ ಕಾರು ಮಾರುವ ಡ್ವೈಟ್ ಪ್ರೂಯಿಟ್ ಇನ್ನೊಂದು ತಲೆ ಬೇಕೆಂದು ತನ್ನ ಅಪ್ಪನನ್ನೇ ಗಾಲಿಕುರ್ಚಿಯಲ್ಲಿ ತಂದು ಸಾಲಿನಲ್ಲಿ ನಿಲ್ಲಿಸಿದ. ಮುದುಕ ಎರ್ಸೆಲ್‌ನ ಮೂಗಿನಲ್ಲಿ ಆಮ್ಲಜನಕದ ನಳಿಕೆ. ಕೊರೆಯುವ ಗಾಳಿ. ಸಾಲಿನಲ್ಲಿದ್ದವರು ಅವನ ಫೋಟೊ ತೆಗೆದುಕೊಂಡರೇ ಹೊರತು ಒಬ್ಬನೂ ಕೋಟು ಹೊದಿಸಲಿಲ್ಲ.

ಡೆಲ್ಫಿಯಾ ಇಬ್ಬರನ್ನೂ ಒಳಗೆ ಕರೆದಳು.

“ಈ ಚಳೀಲಿ ಯಾಕೆ ಬಂದ್ರಿ ಮಾಮ?”

“ನನ್ನ ಯಾರು ಕೇಳಿದ್ರು ಮಗಳೇ? ಮೂಟೆ ಎತ್ತಿದ ಹಂಗೆ ಎತ್ತಾಕ್ಕೊಂಡು ಬಂದ.”

“ಅಪ್ಪನ ಬಾಟ್ಲಿಗೂ ನಾನೇ ದುಡ್ಡು ಕೊಡ್ತೀನಿ ಅಕ್ಕ,” ಎಂದ ಡ್ವೈಟ್.

“ನಿನ್ನ ದುಡ್ಡು ನೀನೇ ಇಟ್ಕೊ.” ಅವಳು ಬಾಟಲಿಯನ್ನು ಮುದುಕನ ತೊಡೆಯ ಮೇಲಿಟ್ಟಳು. “ಮಾಮ, ಇದು ನಿಮ್ಮದು. ಏನು ಮಾಡ್ಲಿ ಹೇಳಿ.”

“ವಯಸ್ಸಲ್ಲಿ ಇಂಥ ಪೀಪಾಯಿ ಉರುಳ್ಸಿ ಸೊಂಟ ಮುರ್ಕೊಂಡೋನು ನಾನು. ಒಂದು ತೊಟ್ಟು ನಾಲಿಗೆಗೆ ಬಿದ್ದಿಲ್ಲ. ತೆಗಿ.”

“ಸೀಲ್ ಒಡೀಬೇಡಿ! ಅಪ್ಪಾ, ನಿಂಗೆ ತಲೆ ಕೆಟ್ಟಿದ್ಯಾ?”

ಅವಳು ಬಾಟಲಿಯ ಬಾಯಿಗೆ ಮೆತ್ತಿದ್ದ ಅರಗು ಕಿತ್ತು, ಕಾಫಿ ಲೋಟಕ್ಕೆ ಸುರಿದು ಕೊಟ್ಟಳು. ಮುದುಕ ಗುಟುಕರಿಸಿ ಮುಖ ಸಿಂಡರಿಸಿದ.

“ಥೂ, ಹಲಗೆ ನೆಕ್ಕಿದ ಹಂಗಿದೆ! ಇದಕ್ಕಾ ನನ್ನ ಹೊರಗೆ ಕೂರ್ಸಿದ್ದು?” ಎಂದವನು ಲೋಟವನ್ನು ಮತ್ತೆ ಮುಂದೆ ಚಾಚಿದ. ಉಳಿದದ್ದನ್ನು ಮನೆಗೊಯ್ದು, ಕ್ರಿಸ್‌ಮಸ್‌ನೊಳಗೆ ಕುಡಿದು ಮುಗಿಸಿದ.

ಜನವರಿಯಲ್ಲಿ ಎರ್ಸೆಲ್ ತೀರಿಕೊಂಡ. ಮಣ್ಣು ಮಾಡಿ ಬಂದು ಚರ್ಚಿನಲ್ಲಿ ಊಟಕ್ಕೆ ಕೂತಿದ್ದೆವು. ಡ್ವೈಟ್ ಡೆಲ್ಫಿಯಾಳ ಪಕ್ಕ ಬಂದು ಬಗ್ಗಿದ. ಅಳುತ್ತಾನೇನೋ ಎಂದು ಅವಳು ಅವನ ಕೈ ಹಿಡಿದುಕೊಂಡಳು.

“ಅಕ್ಕ, ಆ ಖಾಲಿ ಬಾಟ್ಲಿ ಎತ್ತಿಟ್ಟಿದೀನಿ. ಮೇಲಿನ ಅರಗು ನಿಮ್ಮ ಹತ್ರ ಉಳಿದಿದ್ಯಾ? ಅದೂ ಇದ್ರೆ ಕೊಳ್ಳೋರಿದಾರೆ.”

ಖಾಲಿ ಬಾಟಲಿಗೆ ಅಗ್ಗದ ವಿಸ್ಕಿ ತುಂಬಿ ಹೊಸದೆಂದು ಮಾರುವವರಿದ್ದದ್ದು ನಮಗೆಲ್ಲ ಗೊತ್ತಿತ್ತು. ಅವಳು ಹಿಡಿದಿದ್ದ ಕೈ ಕೊಡವಿ, ತಟ್ಟೆ ಬಿಟ್ಟು ಎದ್ದಳು. ಹೊರಗೆ ನಲ್ಲಿಯ ಕೆಳಗೆ ಕೈ ತಿಕ್ಕಿ ತಿಕ್ಕಿ ತೊಳೆದಳು.

“ಅಪ್ಪನ ಗೋರಿ ಮೇಲಿನ ಮಣ್ಣು ಇನ್ನೂ ಹಸಿ ಇದೆ. ನಾಯಿನೂ ಇಷ್ಟು ಬೇಗ ಕೆದಕಲ್ಲ,” ಎಂದಳು, ಹಿಂದೆಯೇ ಹೋಗಿದ್ದ ನನಗೆ.

ಮರುವಾರ ಸರಕು ತರುವವನಿಗೆ ಆ ಬಾಟಲಿ ಇನ್ನು ಬೇಡವೆಂದಳು. “ಇದಕ್ಕೆ ಜನ ಸಾಯ್ತಾರಲ್ಲಮ್ಮ!” ಎಂದು ಅವನು ಬಾಯಿ ಬಿಟ್ಟ.

“ಸಾಯ್ಲಿ. ನನ್ನ ಬಾಗಿಲಲ್ಲಿ ಬೇಡ.”

ನವೆಂಬರಿನ ಗುಂಪು ಪಕ್ಕದೂರಿಗೆ ಹೋಯಿತು. ಅವಳ ವ್ಯಾಪಾರ ಇಳಿಯಿತು, ನಿಲ್ಲಲಿಲ್ಲ. ಡ್ವೈಟ್ ಈಗಲೂ ನನ್ನಲ್ಲಿಗೆ ಕೂದಲು ಕತ್ತರಿಸಿಕೊಳ್ಳಲು ಬರುತ್ತಾನೆ; ಅವನ ಕಾರು ಕಂಡರೆ ಡೆಲ್ಫಿಯಾ ಕಿಟಕಿಯ ಪರದೆ ಎಳೆದುಬಿಡುತ್ತಾಳೆ.