ಕೆನೆ ಬಣ್ಣದ ನಾಲ್ಕು ಗುಂಡಿ

ಅಸಲಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಹಳೆಯ ಕಾರಿನ ಬಾಗಿಲಲ್ಲಿ ಒಂದು ಹೊಸ ಸ್ಕ್ರೂ ಕಂಡರೆ ಸಾಕು, ಪಿತ್ತ ನೆತ್ತಿಗೇರುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದೀಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಕೌಂಟರಿನ ಹಿಂದೆ ನಿಂತು, ಬಂದ ಗಿರಾಕಿಗಳಿಗೆಲ್ಲ ಇದು ಅಸಲು, ಅದು ಡೂಪ್ಲಿಕೇಟು ಎಂದು ಪಾಠ ಹೇಳಿ ಹೇಳಿ ಈ ಹೆಸರು ಅಂಟಿಕೊಂಡಿತ್ತು. ಕೆಲಸ ಬಿಟ್ಟ ಮೇಲಾದರೂ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂರಬಾರದೇ? ಹಳೇ ಕಾರುಗಳ ಸಂಘದವರು ಮನೆಗೇ ಬಂದು ಅವನನ್ನು ಪರೀಕ್ಷಕನಾಗಿ ಮಾಡಿಕೊಂಡರು. ಕೋತಿ ಕೈಗೆ ಕನ್ನಡಿ ಕೊಟ್ಟರು ಎಂದು ಅವನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ.

ಪರೀಕ್ಷಕನ ಪಟ್ಟದ ಜೊತೆಗೆ ಒಂದು ಫಾರಮ್ಮೂ ಬಂದಿತ್ತು. ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಸಾಮಾನು ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಅದರಲ್ಲಿ ತುಂಬಬೇಕು. ಒಂದು ಸಾಮಾನು ಹಾಳಾಗಿ ಅದೇ ಕಾಲದ, ಅದೇ ಕಾರ್ಖಾನೆಯ ಇನ್ನೊಂದನ್ನು ಹಾಕಿದ್ದರೆ ತಕರಾರಿಲ್ಲ, ಆದರೆ ಅದನ್ನು ಮುಚ್ಚಿಡುವಂತಿಲ್ಲ. ಅದಕ್ಕಾಗಿಯೇ ಕೊನೆಯಲ್ಲಿ ಮೂರು ಖಾನೆ: ಬದಲಾದ ಸಾಮಾನು, ಬದಲಾಗಲು ಕಾರಣರಾದವರು, ವಿವರ. ಈ ಮೂರು ಖಾನೆ ತುಂಬುವುದೆಂದರೆ ಅಸಲಪ್ಪನಿಗೆ ಎಲ್ಲಿಲ್ಲದ ಹುಮ್ಮಸ್ಸು. ಮಾಲೀಕನ ಹೆಸರನ್ನು ಇನಿಷಿಯಲ್ ಸಮೇತ ಬರೆದು, ವಿವರದ ಖಾನೆಯಲ್ಲಿ 'ಅಜ್ಞಾನ' ಎಂದೋ 'ಸೋಮಾರಿತನ' ಎಂದೋ ದುಂಡಗೆ ಬರೆದು ಸಹಿ ಹಾಕುತ್ತಿದ್ದ. ಅವನ ಸಹಿಯಾದ ಮೇಲೆ ಮಾಲೀಕರು ಅವನ ಜೊತೆ ಕಾಫಿ ಕುಡಿದದ್ದು ಕಡಿಮೆ.

ಇಂಥವನ ಪಾಲಿಗೆ ನರ್ಸಮ್ಮನ ಕಾರು ಬಂತು.

ಕಾರು ನಿಜಕ್ಕೂ ಅವಳ ಅಪ್ಪನದು. ಅಪ್ಪ ಒಬ್ಬ ಲೇಡಿ ಡಾಕ್ಟರ ಬಳಿ ಮೂವತ್ತೊಂದು ವರ್ಷ ಡ್ರೈವರಾಗಿದ್ದವನು. ಡಾಕ್ಟರು ಸಾಯುವ ಮುಂಚೆ ಕಾರನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದರು. ಈಗ ಮುದುಕನಿಗೆ ಎರಡೂ ಕಣ್ಣು ಕಾಣುವುದಿಲ್ಲ, ಕಾರು ನಿಂತಿದ್ದ ಶೆಡ್ಡನ್ನು ಅದರ ಮಾಲೀಕರು ಕೆಡವಲಿದ್ದಾರೆ. ಸಾರಿಗೆ ಮ್ಯೂಸಿಯಮ್ಮಿನವರು ಕಾರನ್ನು ಒಯ್ಯಲು ಒಪ್ಪಿದ್ದರು. ಕಾರಿನ ಪಕ್ಕದಲ್ಲಿ ಡ್ರೈವರನ ಫೋಟೋ, ಹೆಸರು ಇರುವ ಫಲಕ ಹಾಕುವುದಾಗಿಯೂ ಹೇಳಿದ್ದರು. ಷರತ್ತು ಒಂದೇ, ಕಾರು ಅಸಲು ಎಂದು ಸಂಘದ ಪತ್ರ ಬೇಕು. ಇನ್ನು ಮೂರು ವಾರಕ್ಕೆ ಸೋಮವಾರ ಮ್ಯೂಸಿಯಮ್ಮಿನ ಲಾರಿ ಬರುತ್ತದೆ. ಪತ್ರ ಇಲ್ಲದಿದ್ದರೆ ಅದರ ಮರುದಿನ ಗುಜರಿಯವನ ಲಾರಿ. ಮುದುಕನಿಗೆ ಆ ಫಲಕದ ಮೇಲೆ ಜೀವ ನಿಂತಿತ್ತು. ಅಪ್ಪ ಇರುವಾಗಲೇ ಅದು ಆಗಲಿ ಎಂದು ಮಗಳ ಒದ್ದಾಟ.

ಅಸಲಪ್ಪ ಶೆಡ್ಡಿಗೆ ಬಂದು ಎರಡೂವರೆ ಗಂಟೆ ಟಾರ್ಚು ಹಿಡಿದು ಕಾರಿನ ಒಳಗೆ, ಕೆಳಗೆ, ಬಾನೆಟ್ಟಿನೊಳಗೆ ತೂರಿದ. ಸೀಟಿನ ಹೊಲಿಗೆ ಸರಿ. ಹಾರ್ನು ಸರಿ. ಕಾಲಡಿಯ ರಬ್ಬರು ಕೂಡ ಕಾರ್ಖಾನೆಯದೇ. ಇಷ್ಟು ಸರಿಯಾಗಿರುವ ಕಾರು ಕಂಡರೆ ಅವನಿಗೆ ಒಳಗೊಳಗೇ ಒಂದು ಬಗೆಯ ಬೇಸರ. ಕೊನೆಗೆ ಡ್ಯಾಶ್‌ಬೋರ್ಡಿಗೆ ಬಂದಾಗ ಮುಖ ಅರಳಿತು. ಲೈಟು, ವೈಪರ್, ಚೋಕ್, ಗಾಳಿ, ಈ ನಾಲ್ಕಕ್ಕೂ ಎಳೆಯುವ ಗುಂಡಿಗಳಿದ್ದವು. ನಾಲ್ಕೂ ಕೆನೆ ಬಣ್ಣದವು.

"ಎಲ್ಲಾ ಸರಿ ಇದೆ ಸಿಸ್ಟರ್. ಈ ನಾಲ್ಕು ಗುಂಡಿ ಡೂಪ್ಲಿಕೇಟು. ಕಪ್ಪು ಇರಬೇಕಿತ್ತು."

"ಅವನ್ನ ಯಾರೂ ಮುಟ್ಟಿಲ್ಲ ಸರ್. ಮೊದಲಿಂದ್ಲೂ ಅವೇ ಇರೋದು."

"ಎಲ್ಲರೂ ಹಾಗೇ ಹೇಳೋದು. ಇದೇ ಮಾಡೆಲ್ಲಿನ ಆರು ಕಾರು ನೋಡಿದೀನಿ, ಆರೂ ಜನ ಇದೇ ಮಾತು."

"ಆರೂ ಜನ ಅದನ್ನೇ ಹೇಳಿದ್ರೆ ಸ್ವಲ್ಪ ಯೋಚನೆ ಮಾಡ್ಬೇಕಲ್ವಾ ಸರ್?"

ಆಸ್ಪತ್ರೆಯಲ್ಲಿ ದಿನಕ್ಕೆ ನಲವತ್ತು ಜನರ ಗೊಣಗಾಟ ಕೇಳುವವಳು ಅವಳು. ದನಿ ಏರಿಸಲಿಲ್ಲ. ಅದಕ್ಕೇ ಅಸಲಪ್ಪನಿಗೆ ಇನ್ನಷ್ಟು ಉರಿಯಿತು. ಆ ಕಾಲದಲ್ಲಿ ಯಾವನೋ ಹೋಲ್‌ಸೇಲಿನವನು ಊರಿಗೆಲ್ಲ ಕೆನೆ ಬಣ್ಣದ ಡೂಪ್ಲಿಕೇಟು ಹಂಚಿದ್ದಾನೆ, ತನಗೆಲ್ಲ ಗೊತ್ತು ಎಂದ. ಚೀಲದಿಂದ ನಾಲ್ಕು ಕಪ್ಪು ಗುಂಡಿ ತೆಗೆದು ಸೀಟಿನ ಮೇಲಿಟ್ಟ. ಅವನು ಕೆಲಸ ಮಾಡಿದ ಅಂಗಡಿ ಮುಚ್ಚುವಾಗ ಕೊಂಡುಕೊಂಡ ಇಂಥ ಗುಂಡಿಗಳ ಒಂದು ಡಬ್ಬವೇ ಅವನ ಹತ್ತಿರ ಇತ್ತು. ಅದೇ ಕಂಪನಿಯ ವ್ಯಾನಿಗೆ ಬರುತ್ತಿದ್ದವು, ಸ್ಕ್ರೂ ಸರಿಯಾಗಿ ಕೂರುತ್ತಿತ್ತು.

"ಇವನ್ನ ಹಾಕಿಸಿ. ಅವತ್ತೇ ಸಹಿ ಹಾಕ್ತೀನಿ."

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕ ಆಗ ಬಾಯಿಬಿಟ್ಟ. "ಅದನ್ನ ಬಿಚ್ಚಬೇಡ ಕಣಮ್ಮ."

ನರ್ಸಮ್ಮ ಹೇಳಿದಳು, "ನಮ್ಮಪ್ಪ ಸುಳ್ಳು ಹೇಳೋರಲ್ಲ ಸರ್. ಕಪ್ಪೇ ಅಸಲು ಅಂತ ಎಲ್ಲಿ ಬರೆದಿದೆ, ತೋರಿಸಿ. ತೋರಿಸಿದ್ರೆ ಹಾಕಿಸ್ತೀನಿ."

ತೋರಿಸಿ ಅಂದಳಲ್ಲ. ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ನಿಂತವನಿಗೆ! ಅಸಲಪ್ಪ ಮನೆಗೆ ಬಂದವನೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಕಪಾಟಿನ ಮುಂದೆ ಕೂತ. ಮೊದಲು ಬಿಡಿಭಾಗಗಳ ಪುಸ್ತಕ ತೆಗೆದ. ಅದರಲ್ಲಿ 'ಗುಂಡಿ, ಎಳೆಯುವ, ನಾಲ್ಕು' ಎಂದಷ್ಟೇ ಇತ್ತು, ಬಣ್ಣ ಇರಲಿಲ್ಲ. ಬಣ್ಣ ಬರೆದಿದ್ದರೆ ಬರೆದವನ ಗಂಟೇನು ಹೋಗುತ್ತಿತ್ತು? ಮಾರಾಟದ ಬ್ರೋಷರಿನಲ್ಲಿ ಇದ್ದದ್ದು ಫೋಟೋ ಅಲ್ಲ, ಯಾರೋ ಕಲಾವಿದ ಬಿಡಿಸಿದ ಚಿತ್ರ. ಪುಣ್ಯಾತ್ಮ ಗುಂಡಿಗಳಿಗೆ ಕೆಂಪು ಬಳಿದಿದ್ದ. ಹಳೆಯ ಕಪ್ಪು ಬಿಳುಪು ಫೋಟೋ ಒಂದಿತ್ತು, ಅದರಲ್ಲಿ ಗುಂಡಿ ಇರುವ ಜಾಗಕ್ಕೆ ಸರಿಯಾಗಿ ಒಬ್ಬ ಹೆಂಗಸು ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ, ಕೇಳೋಣವೆಂದರೆ ಗೇಟಿನಲ್ಲಿ ಕಾವಲುಗಾರನೂ ಇಲ್ಲ. ನಾಲ್ಕು ದಿನ ಕಪಾಟಿನ ಮುಂದೆ ಕೂತು ಸೊಂಟ ಹಿಡಿಯಿತು.

"ನಾಲ್ಕು ಗುಂಡಿಗೆ ಇಷ್ಟೊಂದು ರಾದ್ಧಾಂತನಾ?" ಎಂದಳು ಹೆಂಡತಿ, ಅವನು ಹರಡಿದ ಕಾಗದಗಳನ್ನು ದಾಟಿಕೊಂಡು ಹೋಗುತ್ತಾ.

"ನಿಂಗೇನು ಗೊತ್ತಾಗುತ್ತೆ, ಸುಮ್ನಿರು."

"ನಂಗೆ ಗೊತ್ತಾಗಲ್ಲ. ಈ ಕಾಗದ ಎತ್ತಿಡೋರು ಯಾರು ಅನ್ನೋದು ಮಾತ್ರ ಗೊತ್ತಾಗುತ್ತೆ."

ಉಳಿದದ್ದು ಅಸಲು ಸಾಮಾನುಗಳ ಪಟ್ಟಿ ಇರುವ ಹಳದಿ ಪುಸ್ತಕ. ಹಳದಿ ರಟ್ಟಿನ ಆ ಇಪ್ಪತ್ತೆರಡು ಪುಟ ಸಂಘದವರ ಪಾಲಿಗೆ ವೇದವಾಕ್ಯ. ಅದರ ಒಂಬತ್ತನೆಯ ಪುಟದಲ್ಲಿ ಸ್ಪಷ್ಟವಾಗಿ ಇತ್ತು: ಗುಂಡಿಗಳು ಕಪ್ಪು. ಅದನ್ನು ಓದಿ ಹೇಳಲು ಫೋನು ಮಾಡಿದರೆ ನರ್ಸಮ್ಮ, "ಅದನ್ನ ಬರೆದೋರಿಗೆ ಹೇಗೆ ಗೊತ್ತಾಯ್ತಂತೆ?" ಎಂದು ಕೇಳಿಬಿಟ್ಟಳು. ಹಾಗೆ ಕೇಳಬೇಕೆಂದು ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಸಲಪ್ಪ ಅವತ್ತು ರಾಂಗಾಗಿ ಫೋನು ಇಟ್ಟವನು, ನಾಲ್ಕು ದಿನ ಬಿಗುಮಾನದಿಂದ ಮನೆಯಲ್ಲೇ ಕೂತು, ಐದನೆಯ ದಿನ ಬಸ್ಸು ಹತ್ತಿ ಪುಸ್ತಕ ಅಚ್ಚು ಮಾಡಿದ ಪ್ರೆಸ್ಸಿನ ಯಜಮಾನನ ಹತ್ತಿರ ಹೋದ.

ಪ್ರೆಸ್ಸಿನವನು ಕನ್ನಡಕ ಹುಡುಕಲು ಕಾಲು ಗಂಟೆ, ಪುಸ್ತಕ ತಿರುವಲು ಅರ್ಧ ಗಂಟೆ ತೆಗೆದುಕೊಂಡು, "ನಾನು ಬರೀ ಜೋಡಿಸಿದೋನು ಮಾರಾಯರೇ. ಬಣ್ಣದ ವಿಷಯ ಎಲ್ಲಾ, ಹಳೇ ಕಾರಿಗೆ ಬಣ್ಣ ಹೊಡೀತಾನಲ್ಲ, ಆ ಪೇಂಟರ್ ಹೇಳಿದ್ದು" ಎಂದ.

ಪೇಂಟರ್ ಊರಿನ ಆಚೆ ತುದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ. ಮೊದಲ ದಿನ ಅವನು ಇರಲಿಲ್ಲ. ಎರಡನೆಯ ದಿನ ಇದ್ದ, ಆದರೆ ಸ್ಪ್ರೇ ಹಿಡಿದಿದ್ದರಿಂದ ಮಾತಾಡುವಂತಿರಲಿಲ್ಲ. ಮೂರನೆಯ ದಿನ ಮಾತಿಗೆ ಸಿಕ್ಕವನು ಕಡ್ಡಿ ಮುರಿದ ಹಾಗೆ ಹೇಳಿದ, "ಕಪ್ಪೇ. ಅನುಮಾನವೇ ಬೇಡ."

"ಯಾರು ಹೇಳಿದ್ದು?"

"ಸಂಘದ ಪತ್ರಿಕೇಲಿ ಬಂದಿತ್ತಲ್ಲ. ಕತ್ತರಿಸಿ ಅಂಟಿಸಿಟ್ಟಿದೀನಿ, ನೋಡಿ."

ಬಣ್ಣದ ಡಬ್ಬಗಳ ಬೀರುವಿನ ಬಾಗಿಲ ಒಳಮೈಯಲ್ಲಿ, ಇಪ್ಪತ್ತಾರು ವರ್ಷದ ಹಿಂದಿನ ಒಂದು ಹಾಳೆ ಅಂಟಿಕೊಂಡಿತ್ತು. ಬರೆದವರ ಹೆಸರಿರಲಿಲ್ಲ, 'ಒಬ್ಬ ಸದಸ್ಯರಿಂದ' ಎಂದಿತ್ತು. ಅಸಲಪ್ಪ ಕನ್ನಡಕ ಮೇಲೇರಿಸಿ ಓದಿದ. ಗುಂಡಿಗಳು ಕಪ್ಪು, ಬೇರೆ ಬಣ್ಣದವು ಕಂಡಲ್ಲಿ ಅದು ಮಾಲೀಕರ ಅಜ್ಞಾನ ಅಥವಾ ಸೋಮಾರಿತನ ಎಂದು ತಿಳಿಯತಕ್ಕದ್ದು.

ಅವನ ಕಿವಿ ಬಿಸಿಯಾಯಿತು. ಈ ಲೋಕದಲ್ಲಿ ಗುಂಡಿಯ ಬಣ್ಣಕ್ಕೆ ಹೀಗೆ ಬೈಯುವ ಮನುಷ್ಯ ಇದ್ದದ್ದು ಒಬ್ಬನೇ. ಅದನ್ನು ಬರೆದದ್ದೇ ಅವನಿಗೆ ಮರೆತುಹೋಗಿತ್ತು. ತಾನು ಬರೆದದ್ದನ್ನು ಪೇಂಟರ್ ನಂಬಿದ, ಪೇಂಟರನ್ನು ಪ್ರೆಸ್ಸಿನವನು ನಂಬಿದ, ಪ್ರೆಸ್ಸಿನವನ ಪುಸ್ತಕವನ್ನು ತಾನು ನಂಬಿ ಇಷ್ಟು ವರ್ಷ ಊರವರಿಗೆಲ್ಲ ಮಂಗಳಾರತಿ ಎತ್ತಿದ್ದ.

ಆದರೂ ಸೋಲೊಪ್ಪಲು ಮನಸ್ಸಿಲ್ಲ. ಆಗ ತಾನು ನೋಡಿ ಬರೆದದ್ದು ಸೋದರಮಾವನ ಕಾರನ್ನು, ಮಾವ ಅದರಲ್ಲಿ ಒಂದು ನಟ್ಟೂ ಬದಲಾಯಿಸಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡು, ಬಸ್ ಸ್ಟ್ಯಾಂಡಿನಿಂದಲೇ ಅತ್ತೆಗೆ ಫೋನು ಮಾಡಿದ. ಅತ್ತೆಗೆ ಎಂಬತ್ತನಾಲ್ಕು, ನೆನಪು ಮಾತ್ರ ಚೂರಿ.

"ಅದಾ? ನಾನೇ ಬದಲಾಯಿಸಿದ್ದು ಕಣೋ. ನಿಮ್ಮ ಮಾವನ ಕೈ ಯಾವಾಗ್ಲೂ ಗ್ರೀಸು. ಬೆಳ್ಳಗಿದ್ದ ಗುಂಡಿ ನೋಡೋಕೆ ಅಸಹ್ಯ ಆಗೋದು. ಕೊಳೆ ಕಾಣದೇ ಇರೋದು ಹಾಕ್ಸಿ ಅಂತ ಒಂದು ವಾರ ಜಗಳ ಆಡಿದೀನಿ."

"ನಂಗೆ ಯಾಕತ್ತೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಬರ್ತಿದ್ದೆ, ಕಾರಿನೊಳಗೆ ತಲೆ ಹಾಕ್ತಿದ್ದೆ, ತಿಂಡಿ ತಿಂದು ಹೋಗ್ತಿದ್ದೆ."

ಭಾನುವಾರ ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ನಿಂತು, "ರೀ, ಒಂದು ಚಮಚ ಕೊಡಿ ಇಲ್ಲಿ" ಎಂದಳು. ರಾತ್ರಿಯೆಲ್ಲ ನಿದ್ದೆ ಮಾಡದಿದ್ದ ಅಸಲಪ್ಪ ಎದ್ದು ಡ್ರಾಯರಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಡ್ರಾಯರಿನ ಹಿಡಿ ಕೆನೆ ಬಣ್ಣದ ಗುಂಡಿ. ಅದರ ಕೆಳಗಿನ ಡ್ರಾಯರಿನದೂ ಅದೇ. ಆರು ಕಾರುಗಳಿಂದ ತಪ್ಪು ಎಂದು ತಾನೇ ಕಿತ್ತು ತಂದ ಇಪ್ಪತ್ತನಾಲ್ಕು ಗುಂಡಿಗಳು. ಹಿಡಿ ಕಿತ್ತುಹೋಗಿದೆ ಎಂದು ಹೆಂಡತಿ ಗೊಣಗಿದಾಗಲೆಲ್ಲ ಅಡುಗೆಮನೆಗೆ, ಬಟ್ಟೆಯ ಕಪಾಟಿಗೆ, ಬಚ್ಚಲಿನ ಕನ್ನಡಿ ಪೆಟ್ಟಿಗೆಗೆ ಅವನೇ ಸ್ಕ್ರೂ ಹಾಕಿ ಕೂರಿಸಿದ್ದ. ವರ್ಷಾನುಗಟ್ಟಲೆ ದಿನಕ್ಕೆ ಹತ್ತು ಸಲ ಅವನ್ನು ಹಿಡಿದು ಎಳೆದಿದ್ದ.

ಸ್ಕ್ರೂಡ್ರೈವರ್ ತಂದು ಒಂದೊಂದನ್ನೇ ಬಿಚ್ಚಿದ. ಬೆನ್ನಿನಲ್ಲಿ ಅಚ್ಚಿನ ಗುರುತಿತ್ತು, ಸಣ್ಣ ತ್ರಿಕೋನ, ಅದರೊಳಗೆ ಚುಕ್ಕೆ. ಕಾರ್ಖಾನೆಯ ಸ್ವಂತ ಗುರುತು ಅದು, ಹಾರ್ನಿನ ಮೇಲೂ ದೀಪದ ಗಾಜಿನ ಮೇಲೂ ಸಾವಿರ ಸಲ ನೋಡಿದ್ದು. ಇಪ್ಪತ್ತನಾಲ್ಕರಲ್ಲೂ ಇತ್ತು. ಒಂದನ್ನಾದರೂ ತಿರುಗಿಸಿ ನೋಡಿರಲಿಲ್ಲವಲ್ಲ, ಡೂಪ್ಲಿಕೇಟನ್ನು ಯಾರು ತಿರುಗಿಸಿ ನೋಡುತ್ತಾರೆ?

"ನನ್ನ ಚಮಚ?" ಎಂದಳು ಹೆಂಡತಿ. ಹಿಡಿ ಇಲ್ಲದ ಡ್ರಾಯರುಗಳು ಬಾಯಿ ಕಚ್ಚಿಕೊಂಡು ಕೂತಿದ್ದವು.

"ಇವು ಅಸಲು ಕಣೇ. ಎಲ್ಲಾ ಅಸಲು. ಆರು ಜನಕ್ಕೂ ನಾನೇ ಅನ್ಯಾಯ ಮಾಡಿದೆ."

ಹೆಂಡತಿ ಅವನ ಮುಖ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿ, ಒಂದು ಬಟ್ಟೆ ಚೀಲ ತಂದುಕೊಟ್ಟಳು. "ಮೊದಲು ಆ ಹುಡುಗಿ ಮನೆಗೆ ಹೋಗಿ. ನಾಳೆ ಸೋಮವಾರ."

ನರ್ಸಮ್ಮ ಬಾಗಿಲು ತೆರೆದವಳೇ, "ಬನ್ನಿ ಸರ್, ನಾನೇ ಫೋನ್ ಮಾಡೋಳಿದ್ದೆ" ಎಂದಳು. ಅವಳ ಕಣ್ಣು ಊದಿತ್ತು. "ನೀವೇ ಗೆದ್ರಿ. ನಿನ್ನೆ ಮೆಕ್ಯಾನಿಕ್ಕನ್ನ ಕರೆಸಿ ನಿಮ್ಮ ಕಪ್ಪು ಗುಂಡಿ ಹಾಕಿಸಿದೆ. ಸಹಿ ಹಾಕಿಬಿಡಿ."

"ಹಳೇವು ಎಲ್ಲಿ ಸಿಸ್ಟರ್?"

"ಅವನು ತನ್ನ ಕಸದ ಜೊತೆ ಒಯ್ದ. ಬೆಳಿಗ್ಗೆ ಕೇಳ್ದೆ, ಗಾಡಿ ಬಂದು ಹೋಗಿತ್ತು. ನಿನ್ನೆಯಿಂದ ಅಪ್ಪ ನನ್ನ ಹತ್ರ ಮಾತಾಡ್ತಿಲ್ಲ."

ನೀವು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು, ಅಷ್ಟನ್ನು ಹೇಳಲು ಅಸಲಪ್ಪನಿಗೆ ಎರಡು ಲೋಟ ನೀರು ಬೇಕಾಯಿತು. ಅವಳು ಗೋಡೆಗೆ ಒರಗಿ ಕೇಳಿದಳು. ಬೈಯಲೂ ಇಲ್ಲ, ಅಳಲೂ ಇಲ್ಲ. "ನಾನು ಇನ್ನೊಂದು ದಿನ ತಡ್ಕೋಬೇಕಿತ್ತು" ಎಂದಳು, ತನಗೇ ಹೇಳಿಕೊಂಡ ಹಾಗೆ.

ಶೆಡ್ಡಿನಲ್ಲಿ ಅಸಲಪ್ಪ ಕಪ್ಪು ಗುಂಡಿಗಳನ್ನು ಕಿತ್ತು, ತನ್ನ ಅಡುಗೆಮನೆಯ ಗುಂಡಿಗಳಲ್ಲಿ ಚೆನ್ನಾಗಿರುವ ನಾಲ್ಕನ್ನು ಆರಿಸಿ ಕೂರಿಸಿದ. ಮಗಳು ಅಪ್ಪನ ಕೈ ಹಿಡಿದು ಕರೆತಂದು ಸ್ಟಿಯರಿಂಗ್ ಮುಂದೆ ಕೂರಿಸಿದಳು. ಮುದುಕನ ಕೈ ತಡಕಾಡದೆ ನೇರವಾಗಿ ಚೋಕಿನ ಗುಂಡಿಗೆ ಹೋಯಿತು. ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದ.

"ಇದು ಅದೇ ಜಾತೀದು," ಎಂದ. "ನಂದಲ್ಲ. ನಂದು ಇಲ್ಲಿ ಸವೆದಿತ್ತು. ಡಾಕ್ಟರಮ್ಮನಿಗೆ ಹೊತ್ತಿಲ್ಲದ ಹೊತ್ತಲ್ಲಿ ಹೆರಿಗೆ ಕರೆ ಬರೋದು. ಚಳೀಲಿ ಗಾಡಿ ಸ್ಟಾರ್ಟ್ ಆಗೋಕೆ ಎಳೆದೂ ಎಳೆದೂ ನನ್ನ ಉಗುರಿಗೆ ಅಲ್ಲೊಂದು ಜಾಗ ಆಗಿತ್ತು."

"ತಪ್ಪಾಯ್ತು ಯಜಮಾನ್ರೇ."

ಮುದುಕ ಗುಂಡಿಯ ಮೇಲಿಟ್ಟ ಹೆಬ್ಬೆರಳನ್ನು ತೆಗೆಯಲಿಲ್ಲ.

ಅಸಲಪ್ಪ ಬಾನೆಟ್ಟಿನ ಮೇಲೆ ಫಾರಮ್ಮು ಇಟ್ಟುಕೊಂಡು ಬರೆಯತೊಡಗಿದ. ಸೀಟು, ಹಾರ್ನು, ರಬ್ಬರು, ಎಲ್ಲದರ ಮುಂದೆ ಅಸಲು ಎಂದು ಬರೆದು ಕೊನೆಯ ಖಾನೆಗಳಿಗೆ ಬಂದ. ಬದಲಾದ ಸಾಮಾನು: ಎಳೆಯುವ ಗುಂಡಿ, ನಾಲ್ಕು. ಮುಂದಿನ ಖಾನೆಗೆ ಪೆನ್ನು ಒಯ್ದ.

"ಅಲ್ಲಿ ನನ್ನ ಹೆಸರು ಬರೀಬೇಕಲ್ವಾ ಸರ್?" ಎಂದಳು ನರ್ಸಮ್ಮ. "ಹಾಕ್ಸಿದ್ದು ನಾನೇ."

ಅವನು ಬೇಡವೆಂದು ತಲೆಯಾಡಿಸಿದ. ಬದಲಾಗಲು ಕಾರಣರಾದವರು ಎಂಬಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದ್ದ ಆ ಹೆಸರನ್ನು ಪೂರ್ತಿ, ಇನಿಷಿಯಲ್ ಸಮೇತ ಬರೆದ. ಪಕ್ಕದ ಖಾನೆಯಲ್ಲಿ ದುಂಡಗೆ 'ಅಜ್ಞಾನ' ಎಂದು ಬರೆದು ಸಹಿ ಹಾಕಿದ. ಆಮೇಲೆ ಉಳಿದ ಇಪ್ಪತ್ತು ಗುಂಡಿಗಳ ಚೀಲವನ್ನು ಹೆಗಲಿಗೇರಿಸಿಕೊಂಡು, ತಾನು ಗುಂಡಿ ಕಿತ್ತ ಆರು ಕಾರುಗಳಲ್ಲಿ ಮೊದಲನೆಯದರ ಮಾಲೀಕನ ವಿಳಾಸ ಹೇಳಿ, ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ಅವಳನ್ನೇ ಕೇಳಿದ.