ಕಾಶಿನಾಥರ ಪಂಚಮ

ಕಾಶಿನಾಥರು ಇಪ್ಪತ್ತೇಳು ವರ್ಷ ಹಿಂದೂಸ್ತಾನಿ ಗಾಯಕ ಬುವಾ ಅವರ ಬೆನ್ನ ಹಿಂದೆ ಕೂತು ತಂಬೂರಿ ಮೀಟಿದವರು. ಕರಪತ್ರದಲ್ಲಿ ತಬಲಾದವರ ಹೆಸರಿರುತ್ತಿತ್ತು, ಹಾರ್ಮೋನಿಯಂನವರ ಹೆಸರಿರುತ್ತಿತ್ತು, ಒಮ್ಮೊಮ್ಮೆ ವೇದಿಕೆಗೆ ಹೂ ಕಟ್ಟಿದವರ ಹೆಸರೂ ಇರುತ್ತಿತ್ತು. ಇವರದ್ದು ಮಾತ್ರ ಇಲ್ಲ. ಗದಗ ಕಡೆಯಿಂದ ಬಂದು ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಹಿಡಿದಿದ್ದರು. ಕಾರ್ಯಕ್ರಮವಿದ್ದ ದಿನ ಪಾಳಿ ಬದಲಿಸಿಕೊಂಡು, ಲೋಕಲ್‌ನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ನಡುವೆ ತಂಬೂರಿ ಅಪ್ಪಿಕೊಂಡು ನಿಂತು ಹೋಗುತ್ತಿದ್ದರು. ಹೋದ ಮೇಲೆ ಮುಕ್ಕಾಲು ಗಂಟೆ ಶ್ರುತಿ ಕೂಡಿಸುವುದು. ಬುವಾ ಬಂದು ಕಣ್ಣು ಮುಚ್ಚಿ ಒಮ್ಮೆ ಕೇಳಿ, 'ಹ್ಞಾಂ' ಅಂದರೆ ಅದೇ ಇವರ ಪಾಲಿನ ಶಾಲು ಸನ್ಮಾನ.

ಇಪ್ಪತ್ತೈದು ವರ್ಷಗಳ ಹಿಂದೆ ದಾದರ್‌ನ ಒಂದು ಬೈಠಕ್‌ನಲ್ಲಿ ಅದೂ ಮುಗಿಯಿತು. ಪೂರಿಯಾ ಧನಾಶ್ರೀಯ ವಿಲಂಬಿತ ನಡೆಯುತ್ತಿದ್ದಾಗ ಬುವಾ ಹಾಡು ನಿಲ್ಲಿಸಿ, ಹಿಂದೆ ತಿರುಗಿ, "ಕಾಶೀ, ಪಂಚಮ!" ಎಂದು ಗದರಿದರು. ತಂಬೂರಿಯ ಪಂಚಮದ ತಂತಿ ಶ್ರುತಿಯಿಂದ ಇಳಿದಿದೆ ಎಂದರ್ಥ. ಸಭೆಗೆ ಸಭೆಯೇ ಕೇಳಿಸಿಕೊಂಡಿತು. ಮರುವಾರ ಬುವಾ ಕರೆಂಟಿನ ತಂಬೂರಿ ಪೆಟ್ಟಿಗೆ ಕೊಂಡರು, ಕಾಶಿನಾಥರನ್ನು ಮತ್ತೆ ಕರೆಯಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡೂ ಬಿಟ್ಟರು.

"ಪಂಚಮ ಇಳದಿದ್ದಿಲ್ರಿ ಸುಭಾಷರಾವ್. ಅವತ್ತು ಬುವಾರ ಕಿವಿ ದಣಿದಿತ್ತು," ಎಂದು ಕಾಶಿನಾಥರು ನನಗೆ ನೂರು ಸಲವಾದರೂ ಹೇಳಿದ್ದಾರೆ. ನಾನು ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಂಬಿರಲಿಲ್ಲ. ಅಂಥ ದೊಡ್ಡ ಕಿವಿ ತಪ್ಪುತ್ತದೆಯೇ?

ಈ ಏಪ್ರಿಲ್‌ನಲ್ಲಿ ವಡಾಲದ ಒಬ್ಬ ಹಳೆಯ ರಸಿಕರ ಮನೆ ಖಾಲಿ ಮಾಡುವಾಗ ಅವರ ಕ್ಯಾಸೆಟ್‌ಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರಲ್ಲಿ ಆ ದಾದರ್ ಬೈಠಕ್ ಇತ್ತು! ಫೋನಿನಲ್ಲಿ ಹೇಳಿದಾಗ ಕಾಶಿನಾಥರು ಅದೇ ಬೈಠಕ್ ಹೌದೇ ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ, "ಈಗರ ಎಲ್ಲಾರೂ ಕೇಳ್ತಾರಲ್ರಿ," ಅಂದರು.

ಸಯನ್‌ನ ನನ್ನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಸೇರುತ್ತೇವೆ. ಹೊಸದಾಗಿ ಸಿಕ್ಕ ಧ್ವನಿಮುದ್ರಣ ಹಾಕುವುದು, ಮುಗಿದ ಮೇಲೆ ಪ್ರತಿಯೊಬ್ಬರೂ ಅನಿಸಿದ್ದು ಹೇಳುವುದು ನಮ್ಮ ಪದ್ಧತಿ. ಹೇಳದೆ ಯಾರಿಗೂ ಚಹಾ ಇಲ್ಲ. ಈ ನಿಯಮ ನನ್ನದೇ, ಅದರ ಬಗ್ಗೆ ನನಗೆ ಜಂಬವೂ ಇದೆ.

ಅಂದು ಕಾಶಿನಾಥರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಸ್ಪೀಕರಿನ ಎದುರು ಕೂತರು. ಒಂದು ಗಂಟೆ ಕದಲಲಿಲ್ಲ. ಹದಿನಾಲ್ಕನೆಯ ನಿಮಿಷಕ್ಕೆ "ಕಾಶೀ, ಪಂಚಮ!" ಎಂಬ ಬೈಗುಳ ಪಕ್ಕದಲ್ಲೇ ನಿಂತು ಬೈದಷ್ಟು ಸ್ಪಷ್ಟವಾಗಿ ಬಂತು. ನಾವು ಮೂವರೂ ನೆಲ ನೋಡಿದೆವು.

ಮುಗಿದ ಮೇಲೆ ಮಾಟುಂಗಾದ ಹೋಟೆಲಿನ ಸುಕೇಶ್ ಶುರು ಮಾಡಿದರು. "ಎಂಥಾ ಕ್ಲೀನ್ ಸೌಂಡ್ ಮಾರಾಯ್ರೇ! ಕ್ಯಾಸೆಟ್ ಅಂತ ಗೊತ್ತೇ ಆಗುದಿಲ್ಲ."

"ತಾನ್ ಒಂದೊಂದೂ ಬಿಡಿಬಿಡಿಯಾಗಿ ಕೇಳಸ್ತದ ನೋಡ್ರಿ," ಅಂದರು ಶಾಲೆಯಲ್ಲಿ ಸಂಗೀತ ಕಲಿಸುವ ಮಾಧುರಿ.

ನಾನು ಬೀಗಿದೆ. ಕ್ಯಾಸೆಟ್ಟಿನ ಗುಂಯ್ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಸಿದ್ದು ನಾನು, ತೆಗೆದವಳು ನನ್ನ ಮಗಳು ನಿಶಾ. ಎರಡು ಸಲ ಪೂರ್ತಿ ಕೇಳಿ ಪಾಸು ಮಾಡಿದ್ದೇನೆ ಎಂದು ಎಲ್ಲರಿಗೂ ಹೇಳಿದೆ ಕೂಡ.

ಕಾಶಿನಾಥರ ಸರದಿ ಬಂತು. ಅವರು ಮೆಲ್ಲಗೆ ಕೇಳಿದರು, "ತಂಬೂರಿ ಎಲ್ಲೈತ್ರಿ? ನನ್ನ ಕಿವಿನ ಹೋದವೇನೋ ಅಂತ ಸುಮ್ಮನ ಕುಂತಿದ್ದೆ. ನೀವು ಯಾರರ ಅಂತೀರೇನೋ ಅಂತ ಕಾದೆ."

ಮತ್ತೆ ಹಾಕಿದೆವು. ಕಂಠವಿತ್ತು, ತಬಲಾ ಇತ್ತು, ಹಾರ್ಮೋನಿಯಂ ಇತ್ತು. ತಂಬೂರಿ ಇರಲಿಲ್ಲ. ಅಲ್ಲೇ ನಿಶಾಗೆ ಫೋನ್ ಹಚ್ಚಿದೆ.

"ಪಪ್ಪಾ, ಒಂದೇ ಥರಾ ಹಮ್ ಬರ್ತಿತ್ತು ನಾ, ಪೂರಾ ರೆಕಾರ್ಡಿಂಗ್ ಮೇ. ಸಾಫ್ಟ್‌ವೇರ್‌ನೇ ನಿಕಾಲ್ ದಿಯಾ, ನಾಯ್ಸ್ ಅಂದ್ಕೊಂಡು ತೆಗೆದ್ಬಿಡ್ತು. ನೀವು ಕೇಳಿ ಓಕೆ ಅಂದ್ರಿ, ಅದಕ್ಕೆ ಓಲ್ಡ್ ಫೈಲ್ ಡಿಲೀಟ್ ಮಾಡ್ದೆ. ಕ್ಯಾಸೆಟ್ ಹೈ ನಾ ನಿಮ್ಮ ಹತ್ರ?"

ಕ್ಯಾಸೆಟ್‌ಗಳನ್ನು ಹೋದ ವಾರವೇ ರದ್ದಿಯವನಿಗೆ ಹಾಕಿದ್ದೆ. ಪೆಟ್ಟಿಗೆ ಜಾಗ ತಿನ್ನುತ್ತಿತ್ತು.

ಅದನ್ನೂ ಹೇಳಿದೆ. ಕಾಶಿನಾಥರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಎದ್ದರು.

"ಬೈದದ್ದು ಉಳೀತಲ್ರಿ," ಅಂದರು.

ಬಾಗಿಲವರೆಗೆ ಬೆನ್ನು ಹತ್ತಿ ಹೋಗಿ ಕೈ ಹಿಡಿದುಕೊಂಡೆ. "ತಪ್ಪಾತ್ರಿ ಕಾಶಿನಾಥರ. ನೀವು ಸರಿ ಮೀಟಿದ್ರಿ, ನಾ ನಂಬ್ತೀನಿ," ಅಂದೆ. ನನಗೇ ಆ ಮಾತು ಟೊಳ್ಳಾಗಿ ಕೇಳಿಸಿತು.

ಅವರು ಸಿಟ್ಟಿಲ್ಲದೆ, ಬರೀ ದಣಿವಿನಿಂದ ನನ್ನನ್ನು ನೋಡಿದರು.

"ಎರಡು ಸಲ ಕೇಳೀನಿ ಅಂದ್ರಿ. ಇಲ್ಲದ್ದು ಗೊತ್ತಾಗಲಿಲ್ಲ ನಿಮಗ. ಇದ್ದಾಗರ ಎಲ್ಲಿ ಕೇಳಿದ್ರಿ, ಸುಭಾಷರಾವ್?"

ಚಹಾ ಕುಡಿಯದೆ ಮೆಟ್ಟಿಲಿಳಿದು ಹೋದರು.